ಯೋಜನೆಗೆ ದುಡ್ಡಿದೆ, ಸಂಸ್ಥೆಗೆ ಇಲ್ಲ

ನಮ್ಮ ಹಳೆಯ ಸರ್ಕಾರಿ ಶಾಲೆಗಳ ಗೋಡೆಗಳನ್ನು ಓದಿದರೆ ಕಳೆದ ಇಪ್ಪತ್ತೈದು ವರ್ಷಗಳ ಒಂದು ಚರಿತ್ರೆ ಸಿಗುತ್ತದೆ. ಒಂದು ಕೋಣೆಯ ಬಾಗಿಲ ಮೇಲೆ ಗಣಿತ ಪ್ರಯೋಗಾಲಯದ ಫಲಕ, ಇನ್ನೊಂದರ ಮೇಲೆ ಗ್ರಂಥಾಲಯದ್ದು, ನೀರಿನ ತೊಟ್ಟಿಯ ಮೇಲೆ ಕೈತೊಳೆಯುವ ಅಭಿಯಾನದ ಚಿತ್ರ. ಪ್ರತಿಯೊಂದರ ಕೆಳಗೂ ಒಂದು ಕಂಪನಿಯ ಲಾಂಛನ, ಒಂದು ಸ್ವಯಂಸೇವಾ ಸಂಸ್ಥೆಯ ಹೆಸರು. ಆ ಸಂಸ್ಥೆಯವರು ಈಗಲೂ ಬರುತ್ತಾರೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ನೋಡಿ. ‘ಪ್ರಾಜೆಕ್ಟ್ ಮುಗೀತಲ್ಲ, ಈಗ ಬರೋದಿಲ್ಲ’ ಎಂಬ ಉತ್ತರವೇ ಹೆಚ್ಚು ಸಲ ಬರುತ್ತದೆ. ಗ್ರಂಥಾಲಯದ ಕೋಣೆಗೆ ಬೀಗ ಬಿದ್ದಿರುತ್ತದೆ, ಗಣಿತದ ಪೆಟ್ಟಿಗೆ ಬೀರುವಿನ ಮೇಲೆ ಇರುತ್ತದೆ. ಕೆಲಸ ಕೆಟ್ಟದ್ದಾಗಿತ್ತೆಂದು ಯಾರೂ ದೂರುವುದಿಲ್ಲ. ಕೆಲಸ ಮಾಡುತ್ತಿದ್ದವರೇ ಉಳಿದಿಲ್ಲ.

ಇದನ್ನು ಹಣದ ಕೊರತೆ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸಾಮಾಜಿಕ ಕೆಲಸಕ್ಕೆ ಹಿಂದೆಂದೂ ಇಲ್ಲದಷ್ಟು ದುಡ್ಡು ಹರಿದಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಾದರೂ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಕಂಪನಿಗಳ ಈ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಒಟ್ಟು ವೆಚ್ಚ ದೇಶದಲ್ಲಿ ಈಗ ವರ್ಷಕ್ಕೆ 30 ಸಾವಿರ ಕೋಟಿಯನ್ನು ದಾಟಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹೋಗುವುದು ಶಿಕ್ಷಣಕ್ಕೇ. ಹೀಗಿದ್ದೂ ತಾಲ್ಲೂಕು ಮಟ್ಟದಲ್ಲಿ ಮಕ್ಕಳ ಓದು-ಬರಹಕ್ಕಾಗಿ ದುಡಿಯುವ ಸಣ್ಣ ಸಂಸ್ಥೆಗಳು ಮೂರು ವರ್ಷಕ್ಕೊಮ್ಮೆ ಹುಟ್ಟಿ ಸಾಯುತ್ತಿವೆ. ಯೋಜನೆಗೆ ಕೊಡುವವರು ಇದ್ದಾರೆ, ಯೋಜನೆಯನ್ನು ಹೊತ್ತು ನಡೆಯುವ ಸಂಸ್ಥೆಗೆ ಕೊಡುವವರು ಇಲ್ಲ. ಈ ಸಂಸ್ಥೆಗಳನ್ನು ಬಲಪಡಿಸುವ ಬಗ್ಗೆ ನಡೆಯುವ ಎಲ್ಲ ಚರ್ಚೆಯೂ ನನ್ನ ಮಟ್ಟಿಗೆ ಇಲ್ಲಿಂದಲೇ ಶುರುವಾಗಬೇಕು.

ಲೆಕ್ಕ ಹಾಕಿಯೇ ನೋಡೋಣ. ಒಂದು ತಾಲ್ಲೂಕಿನ ಇಪ್ಪತ್ತು ಹಳ್ಳಿಗಳಲ್ಲಿ ಸಂಜೆಯ ಓದುವ ಕೇಂದ್ರ ನಡೆಸುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ಹಳ್ಳಿಗೊಬ್ಬ ಕಾರ್ಯಕರ್ತೆ, ತಿಂಗಳಿಗೆ 8,000 ರೂಪಾಯಿ ಗೌರವಧನ ಎಂದರೆ ವರ್ಷಕ್ಕೆ 19.20 ಲಕ್ಷ. 22,000 ರೂಪಾಯಿ ಸಂಬಳದ ಸಂಯೋಜಕರೊಬ್ಬರಿಗೆ 2.64 ಲಕ್ಷ. ಕೇಂದ್ರಕ್ಕೆ 15,000ದಂತೆ ಪುಸ್ತಕ, ಸಾಮಗ್ರಿಗೆ 3 ಲಕ್ಷ. ತರಬೇತಿಗೆ ಒಂದೂವರೆ ಲಕ್ಷ. ಇಲ್ಲಿಗೆ 26.34 ಲಕ್ಷ. ಇದಿಷ್ಟೂ ‘ಕಾರ್ಯಕ್ರಮ ವೆಚ್ಚ’. ಅರ್ಜಿಯ ಈ ಭಾಗ ಸಾಮಾನ್ಯವಾಗಿ ಸಲೀಸಾಗಿ ಒಪ್ಪಿಗೆಯಾಗುತ್ತದೆ.

ಮುಂದಿನ ಪುಟಕ್ಕೆ ಬನ್ನಿ. ಅರೆಕಾಲಿಕ ಲೆಕ್ಕಿಗರಿಗೆ 1.20 ಲಕ್ಷ, ಕಚೇರಿ ಬಾಡಿಗೆ 96 ಸಾವಿರ, ಆಡಿಟ್‌ಗೆ 50 ಸಾವಿರ, ಫೋನು-ಕರೆಂಟಿಗೆ 24 ಸಾವಿರ, ಓಡಾಟಕ್ಕೆ 60 ಸಾವಿರ. ಸಂಸ್ಥೆಯನ್ನು ಮುನ್ನಡೆಸುವವರಿಗೆ ತಿಂಗಳಿಗೆ 30,000ದಂತೆ 3.60 ಲಕ್ಷ, ಇದು ಪ್ರೌಢಶಾಲಾ ಶಿಕ್ಷಕರೊಬ್ಬರ ಆರಂಭದ ಸಂಬಳಕ್ಕೂ ಸಾಟಿಯಲ್ಲ. ಒಟ್ಟು 7.10 ಲಕ್ಷ. ದಾನಿ ಕಂಪನಿ ಇದನ್ನೆಲ್ಲ ‘ಆಡಳಿತ ವೆಚ್ಚ’ ಎಂದು ಕರೆದು, ಶೇ 5ಕ್ಕಿಂತ ಹೆಚ್ಚು ಕೊಡಲು ಬರುವುದಿಲ್ಲ ಎನ್ನುತ್ತದೆ. ಕಾರ್ಯಕ್ರಮ ವೆಚ್ಚದ ಮೇಲೆ ಶೇ 5 ಎಂದರೆ 1.32 ಲಕ್ಷದ ಆಸುಪಾಸು. ಉಳಿದ ಐದೂಮುಕ್ಕಾಲು ಲಕ್ಷ ಎಲ್ಲಿಂದ ಬರಬೇಕು? ಮುಖ್ಯಸ್ಥರು ಸಂಬಳ ಬಿಡುತ್ತಾರೆ. ಲೆಕ್ಕ ಬರೆಯುವ ಕೆಲಸ ಸಂಯೋಜಕರ ಹೆಗಲೇರುತ್ತದೆ, ಅವರು ಹಳ್ಳಿಗೆ ಹೋಗುವುದು ಕಡಿಮೆಯಾಗುತ್ತದೆ. ಎರಡನೆಯ ವರ್ಷ ಆಡಿಟ್ ತಡವಾಗುತ್ತದೆ. ಮೂರನೆಯ ವರ್ಷ ಅದೇ ಕಂಪನಿ ‘ನಿಮ್ಮ ವ್ಯವಸ್ಥೆ ಸರಿಯಿಲ್ಲ’ ಎಂದು ಕೈಬಿಡುತ್ತದೆ.

ಈ ಶೇ 5ರ ಮಾತಿನ ಹಿಂದೆ ದೊಡ್ಡ ತಪ್ಪು ತಿಳಿವಳಿಕೆಯೊಂದಿದೆ. ಸಿಎಸ್‌ಆರ್ ನಿಯಮಗಳಲ್ಲಿ ಶೇ 5ರ ಮಿತಿ ಇರುವುದು ನಿಜ. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡಿಕೊಳ್ಳುವ ಖರ್ಚಿಗೆ ಹಾಕಿದ ಮಿತಿ. ಕಂಪನಿಯ ಪರವಾಗಿ ಕೆಲಸ ಮಾಡುವ ಸಂಸ್ಥೆಯ ಬಾಡಿಗೆಗೋ ಲೆಕ್ಕಿಗರ ಸಂಬಳಕ್ಕೋ ಹಾಕಿದ್ದಲ್ಲ. 2021ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚ ಎಂದರೇನು ಎಂಬುದನ್ನು ಬಿಡಿಸಿ ಹೇಳಲಾಗಿದೆ. ಆದರೂ ಅರ್ಜಿ ನಮೂನೆಗಳಲ್ಲಿ ಆ ಐದರ ಅಂಕಿ ಇಂದಿಗೂ ಗಟ್ಟಿಯಾಗಿ ಕುಳಿತಿದೆ, ಅದನ್ನು ಪ್ರಶ್ನಿಸುವ ಧೈರ್ಯ ದೇವದುರ್ಗದ ಅಥವಾ ಪಾವಗಡದ ಸಣ್ಣ ಸಂಸ್ಥೆಗೆ ಇರುವುದಿಲ್ಲ. ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆ ಭಾರತದ ಎನ್‌ಜಿಒಗಳ ಹಣಕಾಸನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವು ನಿಜವಾಗಿ ಹೊರುವ ಪರೋಕ್ಷ ವೆಚ್ಚ ಶೇ 5ರಿಂದ ಶೇ 51ರವರೆಗೆ ಇದೆ, ನಟ್ಟನಡುವಿನ ಅಂಕಿ ಶೇ 19. ಮೇಲಿನ ಕಲ್ಪಿತ ಸಂಸ್ಥೆಯಲ್ಲಿ ಅದು ಒಟ್ಟು ಬಜೆಟ್ಟಿನ ಶೇ 21. ಅದರಲ್ಲಿ ದುಂದು ಎಲ್ಲಿದೆ ಎಂದು ಯಾರಾದರೂ ತೋರಿಸಲಿ.

ವಿದೇಶದಿಂದ ಬರುವ ದೇಣಿಗೆಯ ಕಥೆ ಇನ್ನೂ ಬಿಗಿ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ತಂದು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಲಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆ. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂದಾಯಿತು. ಅಲ್ಲಿಯವರೆಗೆ ಬೆಂಗಳೂರಿನ ಅಥವಾ ದೆಹಲಿಯ ದೊಡ್ಡ ಸಂಸ್ಥೆಯೊಂದು ವಿದೇಶದ ಹಣ ತಂದು ಹತ್ತಾರು ಹಳ್ಳಿ ಸಂಸ್ಥೆಗಳಿಗೆ ಕೊಡುತ್ತಿತ್ತು, ಜೊತೆಗೆ ಲೆಕ್ಕ ಇಡುವುದನ್ನೂ ವರದಿ ಬರೆಯುವುದನ್ನೂ ಕಲಿಸುತ್ತಿತ್ತು. ಆ ಕಾಲುವೆ ಒಮ್ಮೆಲೇ ಮುಚ್ಚಿತು. ಅಮೆರಿಕದಲ್ಲಿ 1990ರಿಂದ ಕೆಲಸ ಮಾಡುತ್ತಿರುವ ಇಂಡಿಯಾ ಲಿಟರಸಿ ಪ್ರಾಜೆಕ್ಟ್, 1991ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಕಟ್ಟಿದ ಆಶಾ ಫಾರ್ ಎಜುಕೇಷನ್ ಮುಂತಾದವುಗಳಿಗೆ ಚಂದಾ ಕೊಡುವ ಅನಿವಾಸಿ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ತಮ್ಮೂರಿನ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದಿದ್ದರೆ ಈ ವಿದೇಶಿ ಸಂಸ್ಥೆಗಳ ಒಂದು ಡಾಲರನ್ನೂ ಅಲ್ಲಿಗೆ ಮುಟ್ಟಿಸಲಾಗದು.

ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದೂ ಮುಖ್ಯ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಅದು ಕಡ್ಡಾಯವಲ್ಲ, ಆದರೆ ರೂಢಿಯಲ್ಲಿ ಕಡ್ಡಾಯದಂತೆಯೇ ನಡೆಯುತ್ತದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ನ್ನು ದಾಟಿತ್ತು, ಯಾದಗಿರಿಯದು ಶೇ 52ರ ಸುತ್ತ ಇತ್ತು. ಕಂಪನಿಗಳ ಮುಖ್ಯ ಕಚೇರಿಗಳು ಯಾದಗಿರಿಯಲ್ಲಿ ಇಲ್ಲವಾದ್ದರಿಂದ ದುಡ್ಡೂ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಎರಡು ದಶಕದ ಹಿಂದೆಯೇ ಸುರಪುರದ ಕಡೆ ಶಾಲೆಗಳ ಕೆಲಸಕ್ಕೆ ಇಳಿದು ಅಲ್ಲಿಯೇ ಬೇರೂರಿದ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನಂಥವರು ಅಪವಾದ. ಅವರು ಅಲ್ಲಿ ನಿಲ್ಲಲು ಸಾಧ್ಯವಾದದ್ದು ಕೈಯಲ್ಲಿ ಸ್ವಂತ ದತ್ತಿನಿಧಿ ಇರುವುದರಿಂದ, ವರ್ಷವರ್ಷವೂ ಯಾರ ಬಾಗಿಲನ್ನೂ ತಟ್ಟಬೇಕಿಲ್ಲದ್ದರಿಂದ.

ದತ್ತಿನಿಧಿಯ ಮಾತು ಬಂತು. ನಮ್ಮ ನಾಡಿಗೆ ಇದು ಹೊಸದಲ್ಲ. ತ್ಯಾಗವೀರ ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆಂದು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರು ಉತ್ತರ ಕರ್ನಾಟಕದಲ್ಲಿ ತಲೆಮಾರುಗಟ್ಟಲೆ ಇದ್ದಾರೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಒಂದು ಶಾಲೆ ತೆರೆದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು (ಕೆಎಲ್‌ಇ) ಕಟ್ಟಿದರು, ಅವರನ್ನು ಜನ ಸಪ್ತರ್ಷಿಗಳೆಂದೇ ಕರೆದರು. ಅದೇ ಕೆಎಲ್‌ಇ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹ ನಡೆದು ಬಂದಿರುವುದು ಭಕ್ತರ ಮನೆಯ ರಾಗಿ, ಅಕ್ಕಿ, ಬೇಳೆಯಿಂದ. ಇಡಿಗಂಟು, ಊರವರ ಸಣ್ಣ ಕಾಣಿಕೆ, ಜೀವಮಾನ ಕೊಟ್ಟ ಜನ: ಈ ಮೂರೂ ಸೇರಿದ ಕಡೆ ಸಂಸ್ಥೆಗಳು ನೂರು ವರ್ಷ ದಾಟಿವೆ.

ಈ ಪರಂಪರೆಯನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಲೇಬೇಕು. ಈ ಹಣದ ಬಹುಪಾಲು ಬಂದದ್ದು ಆಯಾ ಸಮುದಾಯದ ಉಳ್ಳವರಿಂದ. ಉಳ್ಳವರೇ ಇಲ್ಲದ ಸಮುದಾಯಗಳ ಮಕ್ಕಳಿಗೆ ಈ ದಾರಿ ತೆರೆಯಲಿಲ್ಲ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಸ್ವಂತ ಜಾತಿಯವರ ಬಹಿಷ್ಕಾರವನ್ನೇ ಉಣ್ಣಬೇಕಾಯಿತು. ಇಂದಿನ ಸ್ಥಳೀಯ ಸಂಸ್ಥೆಗಳು ಮುಖ್ಯವಾಗಿ ದುಡಿಯುತ್ತಿರುವುದು ಇಂಥ ಮಕ್ಕಳ ನಡುವೆಯೇ: ಹಟ್ಟಿಯಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ, ಬೆಂಗಳೂರಿನ ಹೊರವಲಯದ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ. ‘ನೀವೂ ಸ್ವಾವಲಂಬಿಗಳಾಗಿ, ಆದಾಯದ ದಾರಿ ಹುಡುಕಿಕೊಳ್ಳಿ’ ಎಂದು ಅವರಿಗೆ ಬುದ್ಧಿ ಹೇಳುವ ತರಬೇತಿ ಶಿಬಿರಗಳು ಈಗ ಬಹಳ. ಈ ಉಪದೇಶವನ್ನು ನಾನು ಒಪ್ಪಲಾರೆ. ಬಡಮಕ್ಕಳಿಗೆ ಓದು ಕಲಿಸುವುದು ಆದಾಯ ಹುಟ್ಟಿಸುವ ಕೆಲಸವಲ್ಲ, ಆಗಲೂಬಾರದು. ಸರ್ಕಾರವೇ ತೆರಿಗೆಯ ಹಣದಿಂದ ಮಾಡುವ ಕೆಲಸವಿದು. ಸುಸ್ಥಿರತೆ ಎಂದರೆ ಮಕ್ಕಳಿಂದ ಶುಲ್ಕ ಎತ್ತುವುದು ಎಂದು ಅರ್ಥ ಮಾಡಿಕೊಂಡ ಕೆಲವು ಸಂಸ್ಥೆಗಳು ಮೆಲ್ಲಗೆ ಖಾಸಗಿ ಶಾಲೆಗಳಾಗಿ ಬದಲಾದದ್ದನ್ನೂ ನೋಡಿದ್ದೇವೆ. ಆಗ ಅವು ಮೊದಲು ಕಳೆದುಕೊಂಡದ್ದು ಯಾರಿಗಾಗಿ ಹುಟ್ಟಿದವೋ ಆ ಮಕ್ಕಳನ್ನೇ.

ಸರ್ಕಾರದ ಜೊತೆಗಿನ ನಂಟಿಗೂ ಎರಡು ಮುಖ. ಸ್ಥಳೀಯ ಸಂಸ್ಥೆಯೊಂದರ ಅನುಭವ ಸರ್ಕಾರದ ನೀತಿಯಾಗುವುದಕ್ಕಿಂತ ದೊಡ್ಡ ಗೆಲುವಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕಾರ್ಡು-ಮೆಟ್ಟಿಲುಗಳ ಪದ್ಧತಿಯನ್ನು ನೋಡಿ ಬಂದರು. ಅದು ಯುನಿಸೆಫ್ ಬೆಂಬಲದಲ್ಲಿ ನಲಿ-ಕಲಿಯಾಗಿ ಬೆಳೆದು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ದುಡಿಯುವ ಮಕ್ಕಳ ಜೊತೆ ಕುಂದಾಪುರದ ಕಡೆ ಕೆಲಸ ಮಾಡಿದ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಪ್ರಯೋಗದಿಂದ ಮಕ್ಕಳ ಗ್ರಾಮಸಭೆಯ ಕಲ್ಪನೆ ಬಂತು, 2006ರಲ್ಲಿ ಅದು ರಾಜ್ಯದ ಎಲ್ಲ ಪಂಚಾಯಿತಿಗಳಿಗೂ ಹೋಯಿತು.

ಆದರೆ ಸರ್ಕಾರದ ಬಾಗಿಲು ತೆರೆದಷ್ಟೇ ಸುಲಭವಾಗಿ ಮುಚ್ಚುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಮೂವತ್ತು ವರ್ಷ ನಡೆದು ನೂರಾರು ಶಾಲೆಗಳಿಗೆ ಹಬ್ಬಿತ್ತು. ದೇಶದ ವಿಜ್ಞಾನ ಬೋಧನೆಗೇ ಅದು ದಿಕ್ಕು ತೋರಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿಬಿಟ್ಟಿತು. ಅದನ್ನು ನಡೆಸುತ್ತಿದ್ದ ಏಕಲವ್ಯ ಸಂಸ್ಥೆ ಮಾತ್ರ ಮುಳುಗಲಿಲ್ಲ. 1985ರಿಂದ ಅದು ‘ಚಕ್‌ಮಕ್’ ಎಂಬ ಮಕ್ಕಳ ಪತ್ರಿಕೆ ತರುತ್ತಿತ್ತು, ಪುಸ್ತಕ ಪ್ರಕಟಿಸುತ್ತಿತ್ತು, ಶಿಕ್ಷಕರ ದೊಡ್ಡ ಬಳಗ ಕಟ್ಟಿಕೊಂಡಿತ್ತು. ಒಂದು ಕಾಲು ಮುರಿದರೂ ನಿಲ್ಲಲು ಬೇರೆ ಕಾಲುಗಳಿದ್ದವು. ನಮ್ಮಲ್ಲೇ ಮಹಿಳಾ ಸಮಾಖ್ಯ ಯೋಜನೆಯ ಕಥೆ ನೋಡಿ. 1989ರಲ್ಲಿ ನೆದರ್ಲೆಂಡ್ಸ್ ನೆರವಿನಿಂದ ಶುರುವಾದಾಗ ಮೊದಲ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆ ಬಿಟ್ಟ ಹುಡುಗಿಯರಿಗಾಗಿ ಅದು ನಡೆಸಿದ ಮಹಿಳಾ ಶಿಕ್ಷಣ ಕೇಂದ್ರಗಳು ಬೀದರ, ವಿಜಯಪುರದಂಥ ಜಿಲ್ಲೆಗಳಲ್ಲಿ ಎಷ್ಟೋ ಬಾಲ್ಯವಿವಾಹಗಳನ್ನು ತಪ್ಪಿಸಿವೆ. 2016ರಲ್ಲಿ ಕೇಂದ್ರ ಸರ್ಕಾರ ಯೋಜನೆಗೆ ತೆರೆ ಎಳೆಯಿತು. ಇಪ್ಪತ್ತೈದು ವರ್ಷಗಳ ಅನುಭವವಿದ್ದ ಕಾರ್ಯಕರ್ತೆಯರಿಗೆ ಆಸರೆಯಾಗುವ ನಿಧಿಯೊಂದು ಇರಲಿಲ್ಲ.

ಕಾರ್ಯಕರ್ತೆಯರ ವಿಚಾರವೇ ಈ ಪ್ರಶ್ನೆಯ ತಿರುಳು ಎನ್ನುವುದು ನನ್ನ ನಂಬಿಕೆ. ರಾಯಚೂರು, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಕುಟುಂಬಗಳು ಗುಳೆ ಹೋಗುತ್ತವೆ, ಬೆಂಗಳೂರಿಗೆ, ಪುಣೆಗೆ, ಮುಂಬೈಗೆ. ಹತ್ತಿ ಬಿಡಿಸುವ ಕಾಲ ಬಂದರೆ ಐದನೇ ತರಗತಿಯ ಹುಡುಗಿಯರ ಹಾಜರಾತಿ ಕರಗುತ್ತದೆ. ಯಾವ ಮನೆಯವರು ಈ ಸಲ ಹೊರಡುತ್ತಾರೆ, ಯಾವ ಅಜ್ಜಿಯನ್ನು ಒಪ್ಪಿಸಿದರೆ ಮಗು ಊರಲ್ಲೇ ಉಳಿಯುತ್ತದೆ, ಯಾವ ಮೇಸ್ತ್ರಿ ಮುಂಗಡ ಕೊಟ್ಟು ಹೋಗಿದ್ದಾನೆ, ಹಾಸ್ಟೆಲ್ ಸೀಟಿಗೆ ಯಾವ ಕಾಗದ ಬಾಕಿ ಇದೆ, ಇದೆಲ್ಲ ಆ ಊರಿನ ಸೊಸೆಯೋ ಮಗಳೋ ಆಗಿರುವ ಕಾರ್ಯಕರ್ತೆಗೆ ಬಾಯಿಪಾಠ. ಡಿಪೊ ಬಸ್ಸು ಬರುವ ಮುನ್ನ ಬೆಳಿಗ್ಗೆ ಆರಕ್ಕೆ ಆಕೆ ಆ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಾಳೆ. ಈ ತಿಳಿವು ಯಾವ ಆ್ಯಪ್‌ನಲ್ಲೂ ಇಲ್ಲ, ಯಾವ ತರಬೇತಿ ಕೈಪಿಡಿಯಲ್ಲೂ ಸಿಗದು. ಅದು ಕೂಡಿಬರಲು ಏಳೆಂಟು ವರ್ಷ ಬೇಕು. ಆಕೆಯ ಸಂಬಳ ಮಾತ್ರ ಹನ್ನೊಂದು ತಿಂಗಳ ಕರಾರಿನ ಮೇಲೆ ನಿಂತಿರುತ್ತದೆ. ಆಕೆ ಗಾರ್ಮೆಂಟ್ಸ್‌ಗೋ ಮೈಕ್ರೋಫೈನಾನ್ಸ್ ಕಂಪನಿಗೋ ಹೋದ ದಿನ ಸಂಸ್ಥೆ ಕಳೆದುಕೊಳ್ಳುವುದನ್ನು ಹೊಸ ನೇಮಕಾತಿಯಿಂದ ತುಂಬಲಾಗದು. ಶಿಕ್ಷಣದಲ್ಲಿ ಕೆಲಸಗಾರರೇ ಕಾರ್ಯಕ್ರಮ. ಅವರ ಸಂಬಳ, ಪಿಎಫ್, ವಿಮೆ, ವಾರದ ರಜೆ, ವರ್ಷಕ್ಕೊಂದು ವೇತನ ಬಡ್ತಿ, ಇವನ್ನು ಆಡಳಿತ ವೆಚ್ಚದ ತಲೆಬರಹದಡಿ ಕೊರೆಯುವವರು ಕಾರ್ಯಕ್ರಮವನ್ನೇ ಕೊರೆಯುತ್ತಿದ್ದಾರೆ.

ಹಣ ಬರುವ ಹೊತ್ತೂ ಶಾಲೆಯ ಹೊತ್ತೂ ಹೊಂದುವುದಿಲ್ಲ. ನಮ್ಮಲ್ಲಿ ಶಾಲೆ ತೆರೆಯುವುದು ಮೇ ಕೊನೆಗೆ. ಕಂಪನಿಯ ವರ್ಷ ಏಪ್ರಿಲ್‌ನಲ್ಲಿ ಶುರುವಾದರೂ ಸಮಿತಿಯ ಒಪ್ಪಿಗೆ, ಕರಾರು, ಮೊದಲ ಕಂತು ಎನ್ನುವಷ್ಟರಲ್ಲಿ ದಸರಾ ರಜೆ ಹತ್ತಿರವಾಗಿರುತ್ತದೆ. ಆ ನಾಲ್ಕು ತಿಂಗಳ ಸಂಬಳಕ್ಕೆ ಮುಖ್ಯಸ್ಥರು ಬಂಗಾರ ಅಡವಿಡುವ ಸಂಸ್ಥೆಗಳು ಇವೆ. ಮಾರ್ಚ್ ಬಂತೆಂದರೆ ಉಳಿದ ಹಣ ಮುಗಿಸುವ ಧಾವಂತ. ಪರೀಕ್ಷೆಯ ಹೊತ್ತಿನಲ್ಲಿ ಬ್ಯಾಗು ಹಂಚಿಕೆ. ಕಾನೂನು ಇದಕ್ಕೆ ಬಲವಂತ ಮಾಡುತ್ತಿಲ್ಲ. ಬಹುವರ್ಷದ ಯೋಜನೆಯಾದರೆ ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಬಳಸಲು ಅವಕಾಶವಿದೆ. ಅಂದರೆ ಮೂರು ವರ್ಷಕ್ಕೊಮ್ಮೆ ಮಾತು ಕೊಟ್ಟು ಮೊದಲ ಕಂತನ್ನು ಮೇ ತಿಂಗಳಲ್ಲೇ ಕೊಡಲು ಕಂಪನಿಗಳಿಗೆ ಅಡ್ಡಿಯಿಲ್ಲ. ಮನಸ್ಸಿಲ್ಲ, ಅಷ್ಟೇ.

ಮನಸ್ಸು ಮಾಡಿದವರೂ ಇದ್ದಾರೆ. ಕೋವಿಡ್ ಹೊಡೆತದ ನಂತರ, 2021ರಲ್ಲಿ, ಎಡೆಲ್‌ಗಿವ್ ಫೌಂಡೇಷನ್ ಹಲವು ದಾನಿಗಳನ್ನು ಒಟ್ಟುಗೂಡಿಸಿ 100 ಕೋಟಿ ರೂಪಾಯಿಯ ಗ್ರೋ ಫಂಡ್ ಶುರು ಮಾಡಿ, 100 ತಳಮಟ್ಟದ ಸಂಸ್ಥೆಗಳಿಗೆ ಎರಡು ವರ್ಷ ಸಂಬಳ, ಬಾಡಿಗೆ, ಲೆಕ್ಕಪತ್ರ, ತಂತ್ರಾಂಶಗಳಿಗೆಂದೇ ಹಣ ಕೊಟ್ಟಿತು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಷನ್ ಹೊರಗಿನ ದೊಡ್ಡ ಸಂಸ್ಥೆಗಳನ್ನು ಉತ್ತರ ಕರ್ನಾಟಕಕ್ಕೆ ಕರೆತಂದು, ಊರಿನ ಯುವಕರನ್ನು ಫೆಲೋಗಳಾಗಿ ತರಬೇತುಗೊಳಿಸಿ, ಬೆಂಗಳೂರಿನ ಹೊರಗೂ ಇಂಥ ಕೆಲಸದ ಕೇಂದ್ರವೊಂದು ಬೆಳೆಯಬಲ್ಲದು ಎಂದು ತೋರಿಸಿತು. ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಹೊಸ ಮಾರುಕಟ್ಟೆಯ ಬಗ್ಗೆಯೂ ಸಾಕಷ್ಟು ಮಾತು ಕೇಳಿಬರುತ್ತಿದೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಷನ್, ಎತ್ತಿದ ಮೊತ್ತ 1.8 ಕೋಟಿ. ಒಳ್ಳೆಯದೇ. ಆದರೆ ಕನಿಷ್ಠ 50 ಲಕ್ಷ ಎತ್ತಬೇಕಾದ ಆ ಕಟ್ಟೆ ತಾಲ್ಲೂಕಿನ ಸಂಸ್ಥೆಗೆ ಸದ್ಯಕ್ಕೆ ಎತ್ತರ.

ಕಾಗದಪತ್ರದ ಹೊರೆಯನ್ನು ಯಾರೂ ಗಂಭೀರವಾಗಿ ಎಣಿಸುವುದಿಲ್ಲ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷವರ್ಷ ದಾಖಲೆ ಸಲ್ಲಿಸಬೇಕು. ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿಗಳು 2021ರವರೆಗೆ ಒಮ್ಮೆ ಸಿಕ್ಕರೆ ಸಾಕಾಗಿತ್ತು, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಯಿತು. ದಾನಿಗಳ ಪಟ್ಟಿ ಮೇ 31ರೊಳಗೆ ಇಲಾಖೆಗೆ ಹೋಗಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿ. ಸಿಎಸ್‌ಆರ್ ಹಣ ಬೇಕಾದರೆ ಸಿಎಸ್‌ಆರ್-1 ನೋಂದಣಿ, ಸರ್ಕಾರಿ ನೆರವಿಗೆ ದರ್ಪಣ್ ಸಂಖ್ಯೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರೊಂದಿಗೆ ಕಲಂಗಳ ಸಂಖ್ಯೆಗಳನ್ನೂ ಹೊಸದಾಗಿ ಕಲಿಯಬೇಕು. ವರ್ಷಕ್ಕೆ 5 ಕೋಟಿಗಿಂತ ಕಡಿಮೆ ಆದಾಯದ ಸಂಸ್ಥೆಗಳಿಗೆ 12ಎ ನೋಂದಣಿಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದ್ದು ದೊಡ್ಡ ಸಮಾಧಾನ. ಲೆಕ್ಕ ಕೇಳುವುದು ತಪ್ಪಲ್ಲ. ಸಾರ್ವಜನಿಕರ ಹಣ ಪಡೆದವರು ಉತ್ತರ ಕೊಡಲೇಬೇಕು. ಆದರೆ ಇಷ್ಟನ್ನೂ ಸರಿಯಾಗಿ ನಿಭಾಯಿಸುವ ಒಬ್ಬ ಲೆಕ್ಕಿಗ ಇಪ್ಪತ್ತು ಹಳ್ಳಿಯ ಸಂಸ್ಥೆಗೆ ದುಬಾರಿ. ಒಂದು ಜಿಲ್ಲೆಯ ಎಂಟ್ಹತ್ತು ಸಂಸ್ಥೆಗಳು ಸೇರಿ ಒಬ್ಬ ನುರಿತ ಲೆಕ್ಕಿಗರನ್ನೂ ಒಬ್ಬ ಆಡಿಟರನ್ನೂ ಹಂಚಿಕೊಂಡರೆ ಖರ್ಚು ತಿಂಗಳಿಗೆ ತಲಾ ಮೂರು ಸಾವಿರಕ್ಕೆ ಇಳಿಯಬಹುದು. ಹಾಲಿನ ಡೇರಿಗೆ ಒಕ್ಕೂಟ ಕಟ್ಟಿದ ನಾಡಿಗೆ ಇದು ತಿಳಿಯದ ವಿದ್ಯೆಯಲ್ಲ. ಸ್ವಯಂಸೇವಾ ಸಂಸ್ಥೆಗಳ ಫೆವಾರ್ಡ್-ಕೆಯಂಥ ಒಕ್ಕೂಟಗಳು ಮತ್ತು ಜಿಲ್ಲಾ ಕೇಂದ್ರದ ಕಾಲೇಜುಗಳ ವಾಣಿಜ್ಯ ವಿಭಾಗಗಳು ಇದನ್ನು ಕೈಗೆತ್ತಿಕೊಳ್ಳಬಹುದು.

ಸಂಸ್ಥೆಗಳ ಒಳಗಿನ ದೌರ್ಬಲ್ಯವನ್ನು ಮುಚ್ಚಿಟ್ಟು ದಾನಿಗಳನ್ನಷ್ಟೇ ದೂರುವುದು ಸರಿಯಲ್ಲ. ಸ್ಥಾಪಕರೇ ಸಂಸ್ಥೆ ಎಂಬಂತೆ ನಡೆಯುವ ಕಡೆ ಅವರಿಗೆ ಕಾಯಿಲೆ ಬಂದರೆ ಸಂಸ್ಥೆಯೂ ಮಲಗುತ್ತದೆ. ಟ್ರಸ್ಟಿಗಳ ಪಟ್ಟಿಯಲ್ಲಿ ಪತ್ನಿ, ತಮ್ಮ, ಭಾವಮೈದ. ಹದಿನೈದು ವರ್ಷ ದುಡಿದ ಕಾರ್ಯಕರ್ತೆಗೆ ಆಡಳಿತ ಮಂಡಳಿಯಲ್ಲಿ ಕುರ್ಚಿಯಿಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆಯಿಂದ ಸರಗೂರಿನ ಆಸ್ಪತ್ರೆಯವರೆಗೆ ಬೆಳೆದು ನಾಲ್ಕು ದಶಕ ನಿಂತಿದ್ದರೆ ಅದಕ್ಕೆ ಒಂದು ಕಾರಣ ಹೊಣೆಯನ್ನು ಹಲವರು ಹಂಚಿಕೊಂಡದ್ದು, ಸ್ಥಾಪಕರು ದಿನನಿತ್ಯದ ಆಡಳಿತವನ್ನು ಬೇರೆಯವರಿಗೆ ಬಿಟ್ಟುಕೊಟ್ಟದ್ದು. ಮಂಡಳಿಯಲ್ಲಿ ನಿವೃತ್ತ ಮುಖ್ಯ ಶಿಕ್ಷಕರೊಬ್ಬರು, ಎಸ್‌ಡಿಎಂಸಿಯ ತಾಯಿಯೊಬ್ಬರು, ಅದೇ ಕೇಂದ್ರದಲ್ಲಿ ಓದಿ ಮುಂದೆ ಬಂದ ಒಬ್ಬ ಯುವತಿ, ಒಬ್ಬ ಹಿರಿಯ ಕಾರ್ಯಕರ್ತೆ ಇರಲಿ. ಸಭೆಯ ನಡಾವಳಿ ಕನ್ನಡದಲ್ಲಿರಲಿ. ವರ್ಷಕ್ಕೊಮ್ಮೆ ಆಯವ್ಯಯವನ್ನು ಪಂಚಾಯಿತಿ ಕಟ್ಟೆಯ ಮೇಲೆ ಓದಿ ಹೇಳಲಿ. ಇದಕ್ಕೆ ಯಾವ ದಾನಿಯ ಅಪ್ಪಣೆಯೂ ಬೇಕಿಲ್ಲ.

ಪಂಚಾಯಿತಿಯ ಮಾತು ಬಂದದ್ದರಿಂದ ಒಂದು ಭರವಸೆಯ ದಾರಿಯನ್ನು ಹೇಳಬೇಕು. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಶಾಲೆಗಳು ಮುಚ್ಚಿದ್ದ ಹೊತ್ತಿನಲ್ಲೇ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಗ ‘ಅರಿವು ಕೇಂದ್ರ’ಗಳೆಂದು ಕರೆಯುವ ಇವುಗಳಿಗೆ ಕಟ್ಟಡವಿದೆ, ಮೇಲ್ವಿಚಾರಕರಿದ್ದಾರೆ, ಆಸ್ತಿ ತೆರಿಗೆಯ ಮೇಲಿನ ಶೇ 6ರ ಗ್ರಂಥಾಲಯ ಕರ ಇದೆ. ಇಲ್ಲದ್ದು ಮಕ್ಕಳನ್ನು ಪುಸ್ತಕದ ಹತ್ತಿರ ಎಳೆದು ತರುವ ಕೈ. ಅದು ಸ್ಥಳೀಯ ಸಂಸ್ಥೆಯ ಬಳಿ ಇದೆ. ಬಾಡಿಗೆ ಕೋಣೆಯ ಓದುವ ಕೇಂದ್ರವನ್ನು ಅರಿವು ಕೇಂದ್ರಕ್ಕೆ ಸೇರಿಸಿ, ಪಂಚಾಯಿತಿಯ ಠರಾವಿನೊಂದಿಗೆ ಕೆಲಸ ಮಾಡಿದರೆ ಪ್ರಾಜೆಕ್ಟ್ ಮುಗಿದ ದಿನ ಬೀಗ ಬೀಳುವುದಿಲ್ಲ. ಅಕ್ಷರ ಫೌಂಡೇಷನ್ ಗಣಿತ ಕಲಿಕಾ ಆಂದೋಲನದ ಜೊತೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳನ್ನು ನಡೆಸಿದಾಗ ಊರವರು ಬಹುಮಾನಕ್ಕೂ ಊಟಕ್ಕೂ ತಾವೇ ಮುಂದಾದದ್ದುಂಟು. ತಮ್ಮ ಮಗು ಭಾಗಾಕಾರ ಮಾಡಬಲ್ಲದೇ ಎಂದು ಚಾವಡಿಯ ಮುಂದೆ ಕಂಡ ತಂದೆತಾಯಿ ಶಾಲೆಯನ್ನು ನೋಡುವ ಕಣ್ಣೇ ಬೇರೆ.

ಊರವರು ಕೊಡುವುದಿಲ್ಲ ಎಂಬ ಮಾತು ಸುಳ್ಳು. ಶಾಲೆಗೆ ಗೇಟು ಮಾಡಿಸಿದವರು, ರಂಗಮಂಟಪ ಕಟ್ಟಿಸಿದವರು, ಮಗುವಿನ ಹುಟ್ಟುಹಬ್ಬಕ್ಕೆ ಬಿಸಿಯೂಟದ ಜೊತೆ ಸಿಹಿ ಹಂಚಿದವರು ಪ್ರತಿ ಊರಲ್ಲೂ ಇದ್ದಾರೆ. ಕಣ್ಣಿಗೆ ಕಾಣುವುದಕ್ಕೆ ಕೊಡುತ್ತಾರೆ, ಸಂಬಳಕ್ಕೆ ಕೊಡಬೇಕೆಂದು ಅವರಿಗೆ ಯಾರೂ ಹೇಳಿಲ್ಲ. 300 ಮನೆಗಳು ತಿಂಗಳಿಗೆ 50 ರೂಪಾಯಿ ಕೊಟ್ಟರೆ ವರ್ಷಕ್ಕೆ 1.80 ಲಕ್ಷ. ಮೇಲೆ ಲೆಕ್ಕ ಹಾಕಿದ ಸಂಸ್ಥೆಯ ಬಾಡಿಗೆಯೂ ಆಡಿಟ್ ಖರ್ಚೂ ಅದರಲ್ಲಿ ತೀರಿ ಇನ್ನೂ ಉಳಿಯುತ್ತದೆ. ಮೊತ್ತಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಹಣ ಕೊಟ್ಟವರು ಪ್ರಶ್ನೆ ಕೇಳುತ್ತಾರೆ, ಅಧಿಕಾರಿ ವರ್ಗವಾಗಿ ಹೊಸ ಬಿಇಒ ಬಂದು ‘ನೀವು ಯಾರು’ ಎಂದಾಗ ಸಂಸ್ಥೆಯ ಪರ ನಾಲ್ಕು ಜನ ಮಾತಾಡುತ್ತಾರೆ.

ಆದುದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ತಾಲ್ಲೂಕಿನಲ್ಲಿ ಮಕ್ಕಳ ಜೊತೆ ಹತ್ತು ವರ್ಷದಿಂದ ದುಡಿಯುತ್ತಿರುವ ಒಂದು ಸಂಸ್ಥೆಯನ್ನು ಹುಡುಕಿ. ಅದರ ಆಡಿಟ್ ವರದಿ ಕೇಳಿ, ಓದಿ. ಒಂದು ಸಂಜೆ ಅವರ ಕೇಂದ್ರಕ್ಕೆ ಹೋಗಿ ಐದನೇ ತರಗತಿಯ ಮಗುವಿನಿಂದ ಎರಡನೇ ತರಗತಿಯ ಪಾಠ ಓದಿಸಿ ಕೇಳಿ. ಸಮಾಧಾನವಾದರೆ ಬ್ಯಾಗು, ನೋಟ್‌ಬುಕ್ ಕೊಡುವ ಯೋಚನೆ ಬಿಡಿ. ಐದು ವರ್ಷ ತಿಂಗಳು ತಿಂಗಳು ಕೊಡುತ್ತೇವೆಂದು ಮಾತು ಕೊಟ್ಟು, ರಸೀದಿಯ ಮೇಲೆ ‘ಕಾರ್ಯಕರ್ತೆಯರ ಸಂಬಳಕ್ಕೆ’ ಎಂದು ಬರೆಸಿ. ನೀವು ಕಂಪನಿಯೊಂದರ ಸಿಎಸ್‌ಆರ್ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲೇ ಅರ್ಜಿ ನಮೂನೆಯಿಂದ ಆ ಶೇ 5ರ ಸಾಲನ್ನು ತೆಗೆಸಿ.